ಗಂಟಣ್ಣ ಕಟ್ಟಿದ ಗಂಟು

ಒಂದೇ ಒಂದು ಹೊಸ ಕಂಪ್ಯೂಟರ್ ಕೊಟ್ಟಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ ಎಂದು ಗಂಟಣ್ಣ ಇವತ್ತಿಗೂ ಹೇಳುತ್ತಾನೆ. ಬಂದದ್ದು ಹನ್ನೆರಡು. ಹನ್ನೆರಡಕ್ಕೆ ಹನ್ನೆರಡನ್ನೂ ಮ್ಯಾನೇಜರು ಮುಂದಿನ ಹಾಲಿನಲ್ಲಿ ಸಾಲಾಗಿ ಇಡಿಸಿ, ಬಂದವರಿಗೆಲ್ಲ ತೋರಿಸಿಕೊಂಡು ಓಡಾಡಿದರು. ತನಗೂ ಒಂದು ಬೇಕೆಂದು ಗಂಟಣ್ಣ ಬಾಗಿಲಲ್ಲಿ ನಿಂತು ಕೇಳಿದಾಗ, ನಿನ್ನ ಹಳೇದು ಚೆನ್ನಾಗೇ ಓಡ್ತಾ ಇದೆಯಲ್ಲ ಎಂದು ಹೆಗಲು ತಟ್ಟಿ ಕಳಿಸಿದರು. ಆ ಹೆಗಲು ತಟ್ಟಿದ್ದೇ ಅವನಿಗೆ ಉರಿ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ತಟ್ಟಿದವರನ್ನು ಏನು ಮಾಡುವುದು?

ಅದು ಕಣ್ಣು ಕಾಣದ ಮಕ್ಕಳಿಗೆ ಪಾಠಪುಸ್ತಕ ಮಾಡುವ ಪ್ರೆಸ್ಸು. ಅಲ್ಲಿ ಶಾಯಿ ಇಲ್ಲ. ದಪ್ಪ ಕಾಗದದ ಮೇಲೆ ಉಬ್ಬು ಚುಕ್ಕಿಗಳನ್ನು ಕುಟ್ಟುವ ಎರಡು ಮೆಷಿನ್‌ಗಳಿವೆ, ಬ್ರೈಲ್ ಮೆಷಿನ್‌ಗಳು. ಅವು ಶುರುವಾದರೆ ಕಟ್ಟಡವೆಲ್ಲ ಹಲ್ಲು ಕಡಿದಂತೆ ಸದ್ದು. ಅಲ್ಲಿ ದುಡಿಯುವವರೆಲ್ಲ ಮನೆಗೆ ಹೋದರೂ ಕೂಗಿಯೇ ಮಾತಾಡುತ್ತಾರೆ. ಗಂಟಣ್ಣನ ಹೆಂಡತಿ ಮಾತ್ರ, ಇವರ ದನಿ ಮೆಷಿನ್‌ನಿಂದ ಬಂದದ್ದಲ್ಲ, ಅತ್ತೆಯ ಕಡೆಯಿಂದ ಬಂದದ್ದು ಎಂದು ನಗುತ್ತಾಳೆ.

ಅವನು ಓದಿದ್ದು ಏಳನೇ ಕ್ಲಾಸು. ಹದಿನೆಂಟು ತುಂಬಿದಾಗ ಆ ಮೆಷಿನ್‌ಗಳಿಗೆ ಎಣ್ಣೆ ಬಿಡಲು ಸೇರಿದವನು, ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಪಕ್ಕದಲ್ಲಿ ನಿಂತು ನಿಂತು ಕೆಲಸ ಕಲಿತ. ಎಂಜಿನಿಯರ್ ಬೇರೆ ಕೆಲಸ ಹಿಡಿದು ಹೋದಾಗ, ವಿಂಡೋಸ್ ಬದಲು ಲಿನಕ್ಸ್ ಮೇಲೆ ಓಡುವ ಪ್ರೆಸ್ಸಿನ ಕಂಪ್ಯೂಟರ್‌ಗಳ ಹೊಟ್ಟೆಯೊಳಗೆ ಏನೇನಿದೆ ಎಂದು ಬಲ್ಲವನು ಇವನೊಬ್ಬನೇ ಉಳಿದ. ಕಂಪ್ಯೂಟರಿಗೆ ಒಂದು ಪ್ರೋಗ್ರಾಂ ಹಾಕಬೇಕಾದರೆ ಅದರ ಸರಂಜಾಮು, ಅದು ಯಾವ ಯಾವ ನೆಂಟರಿಷ್ಟರನ್ನು ಕರೆತರದೆ ಬರುವುದಿಲ್ಲ ಎಂಬ ಯಾದಿ, ಎಲ್ಲ ಸೇರಿಸಿ ಒಂದು ಕಟ್ಟು ಮಾಡಬೇಕು. ಹೊರಗಿನವರು ಅದಕ್ಕೆ ಪ್ಯಾಕೇಜ್ ಎನ್ನುತ್ತಾರೆ. ಪ್ರೆಸ್ಸಿನಲ್ಲಿ ಅದು ಗಂಟು, ಕಟ್ಟುವವನು ಗಂಟಣ್ಣ. ಮುಖವೂ ಸದಾ ಗಂಟು ಹಾಕಿಕೊಂಡೇ ಇರುತ್ತಿದ್ದುದರಿಂದ ಹೆಸರು ಎರಡು ಕಡೆಯಿಂದಲೂ ಒಪ್ಪಿತು. ಹೆಸರಿಟ್ಟವಳು ಪ್ರೂಫಕ್ಕ.

ಪ್ರೂಫಕ್ಕ ಹುಟ್ಟಿದಾಗಿನಿಂದ ಕಣ್ಣಿಲ್ಲದವಳು, ಗಂಟಣ್ಣನಿಗಿಂತ ಎಂಟು ವರ್ಷ ದೊಡ್ಡವಳು. ಇಪ್ಪತ್ತನಾಲ್ಕು ವರ್ಷ ಅಲ್ಲಿಯ ಪ್ರತಿ ಪುಸ್ತಕವನ್ನೂ ಬೆರಳಿನಿಂದ ಓದಿ ತಪ್ಪು ಹಿಡಿದವಳು. ಅವಳು ಓದಿ ಒಪ್ಪಿದ ಪುಸ್ತಕದ ಕೊನೆಯ ಹಾಳೆಯಲ್ಲಿ ಅವಳ ಹೆಸರಿನ ಗುರುತು ಬೀಳುತ್ತಿತ್ತು. ಅದನ್ನು ಮುಟ್ಟಿ ನೋಡಿಯೇ ಪಾಠ ಶುರುಮಾಡುವ ಟೀಚರುಗಳಿದ್ದರು. ಅವರಲ್ಲಿ ಅವಳ ತಂಗಿಯ ಮಗಳೂ ಒಬ್ಬಳು. ಅವಳಿಗೂ ಕಣ್ಣಿಲ್ಲ, ದೊಡ್ಡಮ್ಮನ ಮಗ್ಗುಲಲ್ಲಿ ಕೂತು ಚುಕ್ಕಿ ಕಲಿತು, ಈಗ ಅಂಥ ಮಕ್ಕಳದೇ ಶಾಲೆಯಲ್ಲಿ ಗಣಿತ ಹೇಳುತ್ತಿದ್ದಳು.

ಹೊಸ ಕಂಪ್ಯೂಟರ್‌ಗಳಲ್ಲಿ ಬಂದದ್ದು ಹೊಸ ಬಿಡುಗಡೆಯ ಲಿನಕ್ಸ್. ಬರಹವನ್ನು ಚುಕ್ಕಿಯಾಗಿ ತಿರುಗಿಸುವ ಪ್ರೋಗ್ರಾಂನ ಹಳೆಯ ಗಂಟು ಅವುಗಳ ಮೇಲೆ ಬಿಚ್ಚಿಕೊಳ್ಳಲಿಲ್ಲ. ಹೊಸದಕ್ಕೆ ಹೊಸ ಗಂಟೇ ಬೇಕು, ಕಟ್ಟಬೇಕಾದದ್ದು ಮಾತ್ರ ಎಂಟು ವರ್ಷದ ಹಳೆಯ ಮೆಷಿನ್, ಗಂಟಣ್ಣನ ಆ ಹಳೇ ಕಂಪ್ಯೂಟರ್ ಮೇಲೆ. ಹಾಗೆ ಮಾಡುವುದಕ್ಕೂ ಒಂದು ದಾರಿಯಿದೆ. ಹಳೆಯ ಮೆಷಿನ್‌ನ ಒಳಗೇ ಹೊಸ ಲಿನಕ್ಸ್‌ನ ಒಂದು ಪುಟ್ಟ ಕೋಣೆ ಎಬ್ಬಿಸಿ, ಒಳಗೆ ಹೊಕ್ಕು, ಹೊರಗಿನದು ಏನೂ ಸೋಕದಂತೆ ಕೂತು ಕಟ್ಟಬೇಕು. ಗಂಟಣ್ಣ ಅದನ್ನು ಒಳಮನೆ ಎನ್ನುತ್ತಿದ್ದ.

ಒಳಮನೆ ಎಬ್ಬಿಸುವ ಹೊತ್ತಿಗೇ ಅವನ ಪ್ರಾಣ ಬಾಯಿಗೆ ಬಂತು. ಹೊಸ ಬಿಡುಗಡೆಯ ಹೆಸರು ಹೇಳಿದರೆ ಹಳೆಯ ಮೆಷಿನ್‌ಗೆ ಗೊತ್ತೇ ಇಲ್ಲ, ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದು ವಾಚ್‌ಮನ್ ಥರ ಅಡ್ಡ ನಿಂತಿತು. ಹಿಂದಿನ ಬಿಡುಗಡೆಯ ಕಡತಕ್ಕೇ ಹೊಸ ಹೆಸರಿಟ್ಟು ಅದನ್ನು ಯಾಮಾರಿಸಿದ. ಆಮೇಲೆ ಹೊಸ ಗಂಟುಗಳನ್ನು ಬಿಚ್ಚಲು ಹಳೆಯದಕ್ಕೆ ಬರಲಿಲ್ಲ. ಬಿಚ್ಚುವ ಸಾಧನವನ್ನೇ ಮೊದಲು ಕಟ್ಟಿಕೊಳ್ಳಬೇಕಾಯಿತು. ಮೂರು ವಾರ ಹೀಗೇ ಹೋಯಿತು. ಮ್ಯಾನೇಜರು ದಿನಾ ಬಂದು ಬಾಗಿಲಲ್ಲಿ ತಲೆ ಹಾಕಿ, ಆಯ್ತಾ ಎಂದು ಕೇಳುವುದು, ಇವನು ತಿರುಗಿಯೂ ನೋಡದೆ ಆಗುತ್ತೆ ಎನ್ನುವುದು. ಶಾಲೆ ತೆರೆಯುವ ಮೊದಲು ಗಣಿತದ ಪುಸ್ತಕ ಹೋಗಬೇಕಿತ್ತು.

ಈ ಅವಸರದಲ್ಲಿ ಗಂಟಣ್ಣ ಎರಡು ಕೆಲಸ ಮಾಡಿದ. ಯಾವ ಅಕ್ಷರಕ್ಕೆ ಯಾವ ಚುಕ್ಕಿ ಎಂದು ಹೇಳುವ ಕೋಷ್ಟಕಗಳು ಹೊರಗಿನ ಹಳೆಯ ಮೆಷಿನ್‌ನಲ್ಲಿದ್ದವು. ಒಳಮನೆಯಿಂದ ಅವನ್ನು ಆಗಾಗ ನೋಡಬೇಕಾಗುತ್ತಿದ್ದುದರಿಂದ, ಅವುಗಳ ಫೋಲ್ಡರನ್ನು ಒಳಕ್ಕೆ ಜೋಡಿಸಿದ. ಗೋಡೆಯಲ್ಲಿ ಒಂದು ಬಾಗಿಲು ಕೊರೆದ ಹಾಗೆ. ನೋಡಿಯಾದ ಮೇಲೆ ಮುಚ್ಚುವುದು ಮರೆತ. ಇನ್ನೊಂದು, ಗಂಟು ಕಟ್ಟಿದ ಮೇಲೆ ತಾನಾಗಿ ನಡೆಯುವ ಪರೀಕ್ಷೆಗಳನ್ನು ನಿಲ್ಲಿಸಿದ. ಹಳೆಯ ಮೆಷಿನ್ ಮೇಲೆ ಅವಕ್ಕೆ ಅರ್ಧ ದಿನ ಬೇಕು. ಮೊದಲ ಸಲ ಓಡಿಸಿದಾಗ ಒಂದಿಷ್ಟು ಫೇಲಾದವು, ಅವೆಲ್ಲ ಮೆಷಿನ್ ಹಳೆಯದಾದ್ದರಿಂದ ಎಂದು ಅವನೇ ತೀರ್ಮಾನಿಸಿದ. ಈ ಪರೀಕ್ಷೆಗಳ ಮನೆ ಹಾಳಾಗ ಎಂದು ಬೈದು, ಅವನ್ನು ಬಿಟ್ಟು ಮುಂದೆ ಹೋಗು ಎಂಬ ಸಾಲು ಬರೆದ. ಗಂಟು ಸಲೀಸಾಗಿ ಕಟ್ಟಿಕೊಂಡಿತು. ಹನ್ನೆರಡು ಹೊಸ ಕಂಪ್ಯೂಟರ್‌ಗಳ ಮೇಲೂ ಸಲೀಸಾಗಿ ಬಿಚ್ಚಿಕೊಂಡಿತು. ಆ ದಿನ ಅವನು ಮನೆಗೆ ಹೋಗುವಾಗ ಶಿಳ್ಳೆ ಹಾಕುತ್ತಿದ್ದನೆಂದು ಹೆಂಡತಿ ಹೇಳುತ್ತಾಳೆ.

ಪ್ರೂಫಕ್ಕ ಅವನ ಕೋಣೆಗೆ ಬಂದದ್ದು ಎಂಟು ದಿನದ ನಂತರ, ಊಟದ ಬಿಡುವಿಗೆ ಸ್ವಲ್ಪ ಮೊದಲು. ಬಾಗಿಲ ಚೌಕಟ್ಟನ್ನು ಕೈಯಲ್ಲಿ ಸವರಿ, ಎರಡು ಹೆಜ್ಜೆ ಇಟ್ಟು, ಮೇಜಿನ ಅಂಚಿಗೆ ಹಾಳೆ ಇಟ್ಟಳು. ಸೊನ್ನೆಯಿಂದ ಶುರುವಾಗುವ ಕಡೆಯೆಲ್ಲ ದಶಮಾಂಶದ ಗುರುತು ಬಂದಿಲ್ಲ ಎಂದಳು. ಎರಡೂವರೆ ಸರಿಯಾಗಿ ಬಂದಿದೆ, ಬರೀ ಅರ್ಧ ಇರುವಲ್ಲಿ ಸೊನ್ನೆ ಆದಮೇಲೆ ನೇರ ಐದು ಬಂದಿದೆ. ಸೊನ್ನೆ ಐದು ಅಂದರೆ ಮಕ್ಕಳು ಐದು ಅಂತಲೇ ಓದುತ್ತವೆ ಎಂದಳು.

ಗಂಟಣ್ಣ ಆಗ ಇನ್ನೊಂದು ಗಂಟಿನ ಮಧ್ಯದಲ್ಲಿದ್ದ. ಅವನಿಗೆ ಕೋಪ ಮೂಗಿನ ತುದಿಯಲ್ಲೇ ಇರುವುದು. ಮಾತಾಡದೆ ಅದೇ ಪಾಠವನ್ನು ತನ್ನ ಹಳೇ ಕಂಪ್ಯೂಟರಿನಿಂದ ಕುಟ್ಟಿಸಿ, ಬಿಸಿ ಬಿಸಿ ಹಾಳೆಯನ್ನು ಅವಳ ಕೈಗೆ ತುರುಕಿದ. ಅವಳು ಓದಿದಳು. ಒಂದು ಸಲ ಅಲ್ಲ, ಎರಡು ಸಲ.

“ಇದರಲ್ಲಿ ಇದೆ” ಎಂದಳು.

“ಇದೆಯಲ್ಲ? ಅದೇ ಪಾಠ, ಅದೇ ಪ್ರೋಗ್ರಾಂ. ಹಾಗಾದ್ರೆ ಅದರಲ್ಲೂ ಇದೆ.”

“ಎರಡನ್ನೂ ಓದಿದ್ದು ಇದೇ ಬೆರಳು ಕಣೋ.”

“ಇಪ್ಪತ್ತನಾಲ್ಕು ವರ್ಷ ಉಜ್ಜಿದ ಬೆರಳು ಅಕ್ಕ. ಸವೆಯಲ್ವಾ? ನನ್ನ ಮೂರು ವಾರದ ಕೆಲಸಕ್ಕೆ ತಪ್ಪು ಹುಡುಕೋದು ಬಿಟ್ಟು ಕೈಗೆ ಒಳ್ಳೆ ಎಣ್ಣೆ ಹಚ್ಕೋ ಹೋಗು.”

ಪ್ರೂಫಕ್ಕ ಯಾವ ಮಾತಿಗೂ ಉತ್ತರ ಬಾಕಿ ಇಡುವವಳಲ್ಲ. ಅವತ್ತು ಮಾತ್ರ ಹೆಬ್ಬೆರಳಿನಿಂದ ತೋರುಬೆರಳಿನ ತುದಿಯನ್ನು ಉಜ್ಜಿಕೊಂಡಳು. ಆಮೇಲೆ ಎರಡೂ ಹಾಳೆಗಳನ್ನು ಅವನ ಮೇಜಿನ ಮೇಲೆಯೇ ಬಿಟ್ಟು ಹೋದಳು. ಸಂಜೆಯ ಹೊತ್ತಿಗೆ ಪುಸ್ತಕಕ್ಕೆ ಅವಳ ಗುರುತು ಬಿತ್ತು. ಮುನ್ನೂರು ಪ್ರತಿ ಹೋಯಿತು.

ಅವನ ಮೆಷಿನ್‌ನಲ್ಲಿ ಹಳೆಯ ಪ್ರೋಗ್ರಾಂ, ಹಳೆಯ ಕೋಷ್ಟಕ. ಒಂದಕ್ಕೊಂದು ಹೊಂದಿಕೊಂಡು ಇದ್ದವು, ಅಲ್ಲಿ ಚುಕ್ಕಿ ಬಾರದೆ ಏನು? ಮುಂದಿನ ಹಾಲಿನ ಕಂಪ್ಯೂಟರ್‌ಗಳಲ್ಲಿ ಇದ್ದದ್ದು ಹೊಸ ಪ್ರೋಗ್ರಾಂ. ಇಷ್ಟು ಸಣ್ಣ ಮಾತು ಅವತ್ತು ಅವನ ತಲೆಗೆ ಹೊಳೆಯಲಿಲ್ಲ. ಹೊಳೆಯಲು ಅವನು ಒಂದು ನಿಮಿಷ ತಣ್ಣಗಾಗಬೇಕಿತ್ತು.

ಎರಡೂವರೆ ತಿಂಗಳಿಗೆ ಶಾಲೆಯಿಂದ ದೂರು ಬಂತು. ಪರೀಕ್ಷೆಯಲ್ಲಿ ಅರ್ಧಕ್ಕರ್ಧ ಮಕ್ಕಳು ದಶಮಾಂಶದ ಲೆಕ್ಕವನ್ನೆಲ್ಲ ತಪ್ಪು ಮಾಡಿದ್ದವು. ಪುಸ್ತಕ ಓದಿ ಕಲಿತವೇ ತಪ್ಪು ಮಾಡಿದ್ದು, ಓದದೆ ಕಿವಿಯಲ್ಲಿ ಕೇಳಿ ಕಲಿತವು ಪಾಸಾಗಿದ್ದವು. ದೂರು ಬರೆದವಳು ಗಣಿತದ ಟೀಚರು, ಪ್ರೂಫಕ್ಕನ ತಂಗಿಯ ಮಗಳೇ. ದೊಡ್ಡಮ್ಮನ ಗುರುತು ಇತ್ತೆಂದು ತಾನು ಮತ್ತೆ ಓದಿ ನೋಡಲಿಲ್ಲ, ಅದು ತನ್ನ ತಪ್ಪು ಎಂದೂ ಅದರಲ್ಲಿ ಬರೆದಿದ್ದಳು.

ಮ್ಯಾನೇಜರು ಇಬ್ಬರನ್ನೂ ಕರೆಸಿದರು. ಬ್ರೈಲ್ ಮೆಷಿನ್ನಿನ ಸೂಜಿ ಎಲ್ಲೋ ಸಿಕ್ಕಿಹಾಕಿಕೊಂಡಿರಬೇಕು, ಅದು ಆಗುವುದೇ, ಅದಕ್ಕೇ ಅಲ್ಲವೆ ಪ್ರೂಫ್ ನೋಡುವುದು ಎಂದು ಅವರೇ ಪ್ರಶ್ನೆ, ಅವರೇ ಉತ್ತರ. ಪ್ರೂಫಕ್ಕ, ನನಗೆ ಅನುಮಾನ ಬಂದಿತ್ತು, ಹೇಳಿದ್ದೆ ಎಂದಳು. ಯಾರಿಗೆ ಹೇಳಿದೆ ಎಂದು ಹೇಳಲಿಲ್ಲ. ಗಂಟಣ್ಣ ನಿಂತಿದ್ದ ಕಡೆಗೆ ಮುಖ ತಿರುಗಿಸಿದಳು, ಅಷ್ಟೆ. ಮ್ಯಾನೇಜರು ಅವನನ್ನು ಕೇಳಿದರು.

“ಹೌದು ಸಾರ್, ಬಂದಿದ್ರು” ಎಂದ ಗಂಟಣ್ಣ. “ಇನ್ನೊಂದು ಹಾಳೆ ಕುಟ್ಟಿ ಕೊಟ್ಟೆ. ಓದಿ ಸರಿ ಇದೆ ಅಂತ ಅವರೇ ಅಂದ್ರು.”

ಇದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಆ ಮಾತನ್ನು ಅವನು ಆಮೇಲೆ ಎಷ್ಟೋ ಸಲ ಬಿಡಿಸಿ ಬಿಡಿಸಿ ನೋಡಿದ್ದಾನೆ. ಒಂದೊಂದು ಪದವೂ ನಿಜ, ಒಟ್ಟು ಸೇರಿದರೆ ಒಬ್ಬಳ ಕತ್ತಿಗೆ ಉರುಳು. ಬೆರಳು ಸವೆದಿದೆ ಎಂದು ತಾನು ಗದರಿದ್ದನ್ನೂ ಸೇರಿಸಿ ಹೇಳಿದ್ದರೆ ಅವಳ ಗತಿ ಬೇರೆಯಾಗುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಅಷ್ಟರಲ್ಲಿ ಮ್ಯಾನೇಜರು ಸರಿ ನೀನು ಹೋಗು ಎಂದರು, ಅವನು ಹೋದ. ಹೋಗು ಎಂದದ್ದಕ್ಕೆ ಅಷ್ಟು ಚುರುಕಾಗಿ ಹೋದದ್ದು ಅವನ ಇಡೀ ನೌಕರಿಯಲ್ಲಿ ಅದೊಂದೇ ಸಲ.

ಪ್ರೂಫಕ್ಕನನ್ನು ಹಾಳೆ ಮಡಿಸಿ ಹೊಲಿಯುವ ವಿಭಾಗಕ್ಕೆ ಹಾಕಿದರು. ಕೆಲಸದಿಂದ ತೆಗೆಯಲಿಲ್ಲ, ಸಂಬಳ ಇಳಿಸಲಿಲ್ಲ. ಪುಸ್ತಕಗಳ ಮೇಲೆ ಅವಳ ಗುರುತು ಬೀಳುವುದು ನಿಂತಿತು. ಹೊಲಿಯುವವರ ನಡುವೆ ಕೂತು ಅವಳು ಮೊದಲಿನ ಹಾಗೆಯೇ ಚಟಾಕಿ ಹಾರಿಸುತ್ತಿದ್ದಳಂತೆ. ಆದರೆ ಮಡಿಸುವ ಹಾಳೆಯಲ್ಲಿ ಏನು ಬರೆದಿದೆ ಎಂದು ಒಮ್ಮೆಯೂ ಬೆರಳಾಡಿಸಲಿಲ್ಲವೆಂದು ಪಕ್ಕದಲ್ಲಿದ್ದವರು ಹೇಳಿದರು. ತಂಗಿಯ ಮಗಳು ವಾರಕ್ಕೊಂದು ಸಲ ಫೋನು ಮಾಡುತ್ತಿದ್ದವಳು ಬಿಟ್ಟಳು. ಆರು ತಿಂಗಳು ಹೀಗೆ ಕಳೆದು, ಪ್ರೂಫಕ್ಕ ತಾನಾಗಿ ಕೆಲಸ ಬಿಟ್ಟು ಮನೆಯಲ್ಲಿ ಕೂತಳು.

ಅವಳು ಹೋದ ಹದಿನೈದು ದಿನಕ್ಕೆ ಗಂಟಣ್ಣ ಹಳೆಯ ಒಳಮನೆಯನ್ನು ಕೆಡವಲು ಹೊರಟ. ಹೊಸದೊಂದನ್ನು ಎಬ್ಬಿಸಬೇಕಿತ್ತು, ಜಾಗ ಸಾಲುತ್ತಿರಲಿಲ್ಲ. ಅಳಿಸು ಎಂದರೆ ಮೆಷಿನ್ ಒಪ್ಪಲಿಲ್ಲ, ಅದು ಬಳಕೆಯಲ್ಲಿದೆ ಎಂದಿತು. ಇನ್ನೊಮ್ಮೆ ಹೇಳಿದ. ಬಳಕೆಯಲ್ಲಿದೆ. ಯಾರಪ್ಪ ಒಳಗೆ ಕೂತಿರುವುದು ಎಂದು ಬೈದುಕೊಂಡು, ಏನೇನು ಎಲ್ಲೆಲ್ಲಿ ಜೋಡಿಸಿದೆ ಎಂಬ ಪಟ್ಟಿ ತೆಗೆದು ನೋಡಿದ. ಹೊರಗಿನ ಕೋಷ್ಟಕಗಳ ಫೋಲ್ಡರು ಒಳಮನೆಯೊಳಗೆ ಕೂತಿತ್ತು. ಬಾಗಿಲು ಒಂಬತ್ತು ತಿಂಗಳಿಂದ ತೆರೆದೇ ಇತ್ತು.

ಗಂಟು ಕಟ್ಟಿದ ದಿನದ ವರದಿ ತೆಗೆದ. ಸಾವಿರಾರು ಸಾಲು. ನಡುವೆ ಎಲ್ಲೋ, ಕೋಷ್ಟಕಗಳು ಮೊದಲೇ ಇವೆ, ಹೊಸದನ್ನು ಹಾಕುತ್ತಿಲ್ಲ ಎಂಬ ಒಂದು ಸಾಲು. ಹೊಸ ಪ್ರೋಗ್ರಾಂ, ತನಗೆ ಹೊಂದದ ಹಳೆಯ ಕೋಷ್ಟಕವನ್ನು ಕಟ್ಟಿಕೊಂಡು ಹೋಗಿತ್ತು. ನಿಲ್ಲಿಸಿದ್ದ ಪರೀಕ್ಷೆಗಳನ್ನು ಓಡಿಸಿದ. ಅರ್ಧ ದಿನ ಹಿಡಿಯಿತು. ಫೇಲಾದವುಗಳಲ್ಲಿ ಎರಡು ಮಾತ್ರ ಮೆಷಿನ್ ಹಳೆಯದಾದ್ದಕ್ಕೆ. ಮೂರನೆಯದು ಸೊನ್ನೆಯಿಂದ ಶುರುವಾಗುವ ದಶಮಾಂಶದ್ದು. ಅಂದರೆ ಮೊದಲ ದಿನವೇ ಅದು ಅವನಿಗೆ ಹೇಳಿತ್ತು. ಪರೀಕ್ಷೆ ಹೇಳಿತು, ಪ್ರೂಫಕ್ಕ ಹೇಳಿದಳು, ಇಬ್ಬರ ಬಾಯನ್ನೂ ಅವನೇ ಮುಚ್ಚಿಸಿದ.

ಊಟದ ಹೊತ್ತಿಗೆ ಮುಂದಿನ ಹಾಲು ಖಾಲಿಯಿದ್ದಾಗ ಹೋಗಿ ಒಂದು ಹೊಸ ಕಂಪ್ಯೂಟರಿನಿಂದ ಅರ್ಧ ಎಂದು ಅಂಕಿಯಲ್ಲಿ ಕುಟ್ಟಿಸಿದ. ಅವನಿಗೆ ಚುಕ್ಕಿ ಓದಲು ಬರುವುದಿಲ್ಲ. ತನ್ನ ಮೆಷಿನ್‌ನ ಹಾಳೆಯನ್ನು ಪಕ್ಕಕ್ಕಿಟ್ಟು ಮಗುವಿನ ಹಾಗೆ ಎಣಿಸಿದ. ಕಡಿಮೆ ಇತ್ತು. ಕಣ್ಣು ಮುಚ್ಚಿಕೊಂಡು ಬೆರಳಿನಿಂದಲೂ ಎಣಿಸಿದ, ಎಣ್ಣೆ ಗ್ರೀಸು ತಿಂದು ದಪ್ಪಗಾದ ಬೆರಳಿನಿಂದ. ಅದಕ್ಕೂ ಸಿಕ್ಕಿತು.

ಸರಿಪಡಿಸಲು ಎರಡು ಗಂಟೆಯ ಕೆಲಸ. ಬಾಗಿಲು ಮುಚ್ಚಿದ, ಮತ್ತೆ ಕಟ್ಟಿದ, ಪರೀಕ್ಷೆ ಓಡಿಸಿದ. ಇಲ್ಲಿ ಆ ಕಸುಬಿನವರದೊಂದು ರೂಢಿ ಹೇಳಬೇಕು. ಪ್ರತಿ ಗಂಟಿನ ಜೊತೆ ಬದಲಾವಣೆಗಳ ಪಟ್ಟಿ ಹೋಗುತ್ತದೆ. ಯಾವ ತಾರೀಖು, ಏನು ಸರಿಮಾಡಿದೆ, ತಪ್ಪನ್ನು ಮೊದಲು ತೋರಿಸಿದವರು ಯಾರು ಎಂದು ಕಟ್ಟಿದವನು ಬರೆಯಬೇಕು. ತೋರಿಸಿದವರ ಹೆಸರು ಬಿಡುವುದು ಆ ಕಸುಬಿನಲ್ಲಿ ಕಳ್ಳತನಕ್ಕೆ ಸಮ. ಎಂಜಿನಿಯರ್ ಅವನಿಗೆ ಕಿವಿ ಹಿಂಡಿ ಕಲಿಸಿದ್ದ. ಗಂಟಣ್ಣ ಬಹಳ ಹೊತ್ತು ಕೂತಿದ್ದು, ‘ಸಣ್ಣಪುಟ್ಟ ತಿದ್ದುಪಡಿ’ ಎಂದು ಬರೆದು ಗಂಟನ್ನು ಮುಂದಿನ ಹಾಲಿಗೂ ಶಾಲೆಗಳಿಗೂ ಕಳಿಸಿದ.

ಒಂದು ತಿಂಗಳು ಅವನಿಗೆ ಅನ್ನ ಸೇರಲಿಲ್ಲ. ಮನೆಯಲ್ಲಿ ರೇಗಾಟ ಜಾಸ್ತಿಯಾಯಿತು. ಏನು ನುಂಗಿಕೊಂಡಿದ್ದೀರೋ ಉಗುಳಿ ಎಂದು ಹೆಂಡತಿ ಹಟ ಹಿಡಿದಾಗ ಎಲ್ಲವನ್ನೂ ಹೇಳಿದ. ಕೇಳಿದ ಮೇಲೆ ಅವಳು ಬಯ್ಯಲಿಲ್ಲ. ಚಪ್ಪಲಿ ತಂದು ಅವನ ಮುಂದೆ ಇಟ್ಟಳು.

ಪ್ರೂಫಕ್ಕನ ಮನೆ ಎರಡು ಬಸ್ಸು ದೂರ, ಮೊದಲ ಮಹಡಿ. ಜೊತೆಗೇ ಇದ್ದ ತಂಗಿ, ಗಣಿತದ ಟೀಚರ ಅಮ್ಮ, ಬಾಗಿಲು ತೆರೆದು, ಕುರ್ಚಿ ತೋರಿಸಿ ಒಳಗೆ ಹೋದಳು. ಕಿಟಕಿಯ ಪಕ್ಕ ರೇಡಿಯೋ ಹಾಕಿಕೊಂಡು ಕೂತಿದ್ದ ಪ್ರೂಫಕ್ಕ, ಹೆಜ್ಜೆಯ ಸದ್ದಿಗೇ ಏನೋ ಗಂಟಣ್ಣ ದಾರಿ ತಪ್ಪಿ ಬಂದೆಯಾ ಎಂದಳು. ಕೋಣೆಯಲ್ಲಿ ಒಂದೂ ಪುಸ್ತಕ ಇರಲಿಲ್ಲ. ಕುಶಲದ ಮಾತು ಎರಡು ಆಡಿ, ಅವನು ನೆಲ ನೋಡಿಕೊಂಡು ಬಾಗಿಲಿನ ಕತೆಯಿಂದ ಹಿಡಿದು ಪಟ್ಟಿಯಲ್ಲಿ ಬರೆದದ್ದರವರೆಗೆ ಒಪ್ಪಿಸಿದ. ನಡುವೆ ಒಮ್ಮೆ ಹಳೆಯ ಮೆಷಿನ್, ಮ್ಯಾನೇಜರು ಎಂದು ಶುರುಮಾಡಿದ. ಅವಳು ಕೈಯೆತ್ತಿದಳು, ಅವನು ಬಿಟ್ಟ.

ಅವಳು ರೇಡಿಯೋ ಆರಿಸಿದಳು. ಬಲಗೈ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿದಳು.

“ನಾನು ಈ ಬೆರಳನ್ನ ಡಾಕ್ಟರಿಗೆ ತೋರಿಸಿದೆ ಗೊತ್ತಾ? ಏನೂ ಆಗಿಲ್ಲ ಅಂದ್ರು. ಡಾಕ್ಟರನ್ನ ನಂಬಲಿಲ್ಲ, ನಿನ್ನನ್ನ ನಂಬಿದೆ.”

ಗಂಟಣ್ಣನಿಗೆ ಕಾಲು ಹಿಡಿಯಬೇಕೆನಿಸಿತು. ಏಳಲು ಹೋದವನನ್ನು ಅವಳು ಕುರ್ಚಿಯ ಕಿರ್ರೆಂಬ ಸದ್ದಿಗೇ ತಡೆದಳು.

“ಕಾಲು ಗೀಲು ಬೇಡ. ಒಂದು ಸಾಲು ಬೇಕು. ನಿನ್ನ ಗಂಟೆಲ್ಲ ನಮ್ಮ ಹುಡುಗಿಯ ಶಾಲೆಗೂ ಹೋಗುತ್ತಲ್ಲ. ಅವಳು ಬಿಚ್ಚೋ ಮುಂಚೆ ಆ ಪಟ್ಟಿ ಪೂರ್ತಿ ಓದ್ತಾಳೆ, ನಾನೇ ಕಲಿಸಿದ್ದು. ಅದರಲ್ಲಿ ಬರಿ, ಇದನ್ನ ಮೊದಲು ಹೇಳಿದ್ದು ಇಂಥವಳು ಅಂತ.”

“ನೀನೇ ಒಂದು ಫೋನ್ ಮಾಡಿ ಹೇಳಬಹುದಲ್ಲ ಅಕ್ಕ?”

“ನಾನು ಹೇಳಿದ್ರೆ ಅದು ನೆಪ. ನೀನು ಬರೆದ್ರೆ ನಿಜ.”

ಬರೆಯುತ್ತೇನೆ ಎಂದು ಅವಳ ಕೈ ಮುಟ್ಟಿ ಹೇಳಿ ಬಂದ. ಬಸ್ಸಿನಲ್ಲಿ ಕೂತಾಗ ಎದೆಯ ಮೇಲಿನ ಕಲ್ಲು ಇಳಿಸಿದಂತಿತ್ತು. ಅವತ್ತೇ ಸಂಜೆ ಬರೆದುಬಿಟ್ಟಿದ್ದರೆ ಆಗಿಹೋಗುತ್ತಿತ್ತು. ಮಾರನೆಯ ದಿನ ಕೂತು ಯೋಚಿಸಿದ, ಅದೇ ತಪ್ಪಾಯಿತು. ಟೀಚರು ಓದಿದರೆ ಹೆಡ್‌ಮಾಸ್ತರಿಗೆ ಹೇಳುತ್ತಾಳೆ, ಹೆಡ್‌ಮಾಸ್ತರು ಮ್ಯಾನೇಜರಿಗೆ ಹೇಳುತ್ತಾರೆ, ಮ್ಯಾನೇಜರು ಏಳನೇ ಕ್ಲಾಸಿನವನಿಗೆ ಈ ಕೆಲಸ ಕೊಟ್ಟದ್ದೇ ತಪ್ಪು ಎನ್ನುತ್ತಾರೆ. ಮುಂದಿನ ಗಂಟಿನಲ್ಲಿ ಬರೆದರಾಯಿತು. ಮುಂದಿನದರಲ್ಲಿ, ಈಗ ಬರೆದರೆ ಇಷ್ಟು ತಡ ಯಾಕೆ ಎಂದು ಕೇಳುತ್ತಾರೆ ಎನಿಸಿತು. ಅದರ ಮುಂದಿನದು ಸಣ್ಣ ಗಂಟು, ಅದರಲ್ಲಿ ಇದನ್ನು ಹಾಕಿದರೆ ಎದ್ದು ಕಾಣುತ್ತದೆ. ಬೇರೆಯವರ ಮೇಲೆ ಎಗರಾಡಲು ಒಂದು ಕ್ಷಣವೂ ತಡಮಾಡದವನು, ಈ ಒಂದು ಸಾಲಿಗೆ ಎಲ್ಲಿಲ್ಲದ ತಾಳ್ಮೆ ತಂದುಕೊಂಡ. ಹೆಂಡತಿ ಬರೆದಿರಾ ಎಂದು ಕೇಳಿದಾಗ ಹೂಂ ಎಂದ. ಅವಳಿಗೆ ಅವನು ಹೇಳಿದ ಸುಳ್ಳುಗಳಲ್ಲಿ ಅದು ಅತಿ ಚಿಕ್ಕದು, ಒಂದೇ ಅಕ್ಷರದ್ದು.

ಹೀಗೆ ಹನ್ನೊಂದು ಗಂಟು ಹೋದವು. ಹನ್ನೊಂದನೆಯದು ಹೋದ ಮೂರನೇ ದಿನ ಗಣಿತದ ಟೀಚರೇ ಫೋನು ಮಾಡಿದಳು. ಗಂಟು ಚೆನ್ನಾಗಿ ಕೂತಿದೆ, ಮಕ್ಕಳ ಹೋಂವರ್ಕ್ ಹಾಳೆಗಳು ಸರಿಯಾಗಿ ಬರುತ್ತಿವೆ ಎಂದು ತಿಳಿಸಿ, ನಿಮ್ಮ ಪಟ್ಟಿ ಮಾತ್ರ ತಂತಿ ಸುದ್ದಿಯ ಹಾಗೆ ಇರುತ್ತದೆ, ಪದಕ್ಕಿಷ್ಟು ಅಂತ ಖರ್ಚೇನಾದರೂ ಇದೆಯೇ ಎಂದು ನಕ್ಕಳು. ನಗು ದೊಡ್ಡಮ್ಮನದೇ. ಗಂಟಣ್ಣ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡ. ಮನೆ ಕಡೆ ಎಲ್ಲ ಹೇಗಿದ್ದಾರೆ ಎಂದು ಕೇಳಿದ. ದೊಡ್ಡಮ್ಮ ಹೇಗಿದ್ದಾರೆ ಎಂದು ಕೇಳಲು ಅವನಿಂದ ಅದಕ್ಕಿಂತ ಹತ್ತಿರ ಹೋಗಲಾಗಲಿಲ್ಲ. ಅಮ್ಮ ಚೆನ್ನಾಗಿದ್ದಾರೆ ಎಂದಳು. ದೊಡ್ಡಮ್ಮನ ವಿಷಯ ಅವಳೂ ಎತ್ತಲಿಲ್ಲ.

“ಈ ಸಲದ ಗಂಟಿನಲ್ಲಿ ನನಗೆ ಗೊತ್ತಿರಬೇಕಾದ್ದು ಇನ್ನೇನಾದ್ರೂ ಇದೆಯಾ?” ಎಂದು ಕೇಳಿದಳು. ಪ್ರತಿ ಸಲವೂ ಕೇಳುವವಳೇ.

ಅವನು ಉಸಿರು ಎಳೆದುಕೊಂಡ. ಅವಳ ಹಿಂದೆ ತರಗತಿಯ ಮಕ್ಕಳು ಯಾವುದೋ ಮಗ್ಗಿಯನ್ನು ಒಟ್ಟಿಗೆ ಹೇಳುತ್ತಿದ್ದವು.

“ಇಲ್ಲ ಟೀಚರ್” ಎಂದ. “ಇಷ್ಟೇ.”